ಮನೆಯ ಕಂಪ್ಯೂಟರ್ ಕೆಟ್ಟಾಗ: ಒಂದು ಕಿರು ಚರಿತ್ರೆ

ಮನೆಯಲ್ಲಿ ಕಂಪ್ಯೂಟರ್ ಕೆಟ್ಟು ಕುಳಿತಾಗ ನಾವು ಸಾಮಾನ್ಯವಾಗಿ ಮಾಡುವುದು ಮೂರು ಕೆಲಸ. ಸ್ವಿಚ್ಚು ಆರಿಸಿ ಮತ್ತೆ ಹಾಕುವುದು ಒಂದು. ಪೆಟ್ಟಿಗೆಯ ಬೆನ್ನಿಗೆ ಎರಡು ಏಟು ಕೊಡುವುದು ಇನ್ನೊಂದು. ಎರಡಕ್ಕೂ ಅದು ಜಗ್ಗದಿದ್ದರೆ ಮಕ್ಕಳನ್ನು ಕರೆದು ಗದರುವುದು ಮೂರನೆಯದು. ಮೂರನೆಯದನ್ನು ಬಿಟ್ಟರೆ ಉಳಿದೆರಡಕ್ಕೂ ಇತಿಹಾಸದ ಆಧಾರವಿದೆ ಎಂದರೆ ವಾಚಕರು ನಗಬಹುದು. ಆದರೆ ಸಂಗತಿ ನಿಜ. ದುರಸ್ತಿಯವನು ಕಾರಣ ಹೇಳದೆ ಮಾಡುವ ಒಂದೊಂದು ಕ್ರಮದ ಹಿಂದೆಯೂ ಎಲ್ಲೋ ಯಾರದೋ ಯಂತ್ರ ಕೆಟ್ಟ ಕಥೆಯಿದೆ. ಆ ಕಥೆಗಳು ಸಕಾಲಕ್ಕೆ ತಿಳಿದಿದ್ದರೆ ನಮ್ಮ ಮನೆಯಲ್ಲಾದ ಒಂದು ನಷ್ಟ ತಪ್ಪುತ್ತಿತ್ತು. ಈ ಲೇಖನ ಬರೆಯಲು ಅದೇ ಕಾರಣ.

ನಾವು ನೌಕರಿಗಾಗಿ ಮುಂಬಯಿಗೆ ಬಂದದ್ದು 2001ರಲ್ಲಿ. ಆಂಟಾಪ್ ಹಿಲ್‌ನ ಕೇಂದ್ರ ಸರಕಾರಿ ವಸತಿಯಲ್ಲಿ ಮನೆ ದೊರೆತ ವರ್ಷ, ಅಂದರೆ 2004ರಲ್ಲಿ, ಲ್ಯಾಮಿಂಗ್ಟನ್ ರಸ್ತೆಯಲ್ಲಿ ಬಿಡಿಭಾಗಗಳಿಂದ ಜೋಡಿಸಿದ ಕಂಪ್ಯೂಟರೊಂದನ್ನು ಕೊಂಡು, ಟ್ಯಾಕ್ಸಿಯಲ್ಲಿ ಕೂಸನ್ನು ಹಿಡಿದಂತೆ ತೊಡೆಯ ಮೇಲಿಟ್ಟುಕೊಂಡು ತಂದೆವು. ಮರು ವರ್ಷದ ಮಳೆಗಾಲದಲ್ಲಿ ನಮ್ಮ ತಂದೆಯವರು ಊರಿನಿಂದ ಬಂದು ಎರಡು ತಿಂಗಳು ನಮ್ಮೊಡನಿದ್ದರು. ಅವರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ಹೊರಗೆ ಮಳೆ, ಮಾತಾಡಲು ನೆರೆಯಲ್ಲಿ ಕನ್ನಡದವರಿಲ್ಲ. ‘ಬರಹ’ ತಂತ್ರಾಂಶದಲ್ಲಿ ಒಂದೊಂದೇ ಕೀಲಿ ಹುಡುಕಿ ಒತ್ತುತ್ತ, ನಮ್ಮ ಮನೆತನದ ಹಿಂದಿನ ಕಥೆಯನ್ನು ಸುಮಾರು ನಲವತ್ತು ಪುಟ ಬರೆದರು. 2006ರ ಬೇಸಗೆಯಲ್ಲಿ ಒಂದು ದಿನ ಆ ಯಂತ್ರ ಏಳಲಿಲ್ಲ. ಮುಂದಾದುದನ್ನು ಆಮೇಲೆ ಹೇಳುತ್ತೇವೆ. ಮೊದಲು ಚರಿತ್ರೆ.

ಪತಂಗವೂ ವಾಲ್ವುಗಳೂ

ಕಂಪ್ಯೂಟರಿನ ದೋಷಕ್ಕೆ ‘ಬಗ್’ ಎನ್ನುತ್ತಾರಷ್ಟೆ. ಹುಳು ಎಂದು ಅರ್ಥ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್-2 ಎಂಬ ಗಣಕಯಂತ್ರ ತಪ್ಪು ಮಾಡತೊಡಗಿತು. ಅದರೊಳಗೆ ವಿದ್ಯುತ್ ಸಂಪರ್ಕವನ್ನು ಕೂಡಿಸಿ ಬಿಡಿಸುವ ರಿಲೇಗಳಿದ್ದವು. ಹುಡುಕಿದಾಗ ಒಂದು ರಿಲೇಯ ನಡುವೆ ಪತಂಗವೊಂದು ಸಿಕ್ಕಿ ಸತ್ತಿತ್ತು. ಅದನ್ನು ಅಂಟುಪಟ್ಟಿಯಿಂದ ದಿನಚರಿ ಪುಸ್ತಕದಲ್ಲಿ ಅಂಟಿಸಿದರು. ಆ ಪುಟ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿದೆ. ‘ಬಗ್’ ಎಂಬ ಮಾತು ಅಲ್ಲಿಯೇ ಹುಟ್ಟಿತೆಂದು ಹಲವರು ಬರೆದಿದ್ದಾರೆ, ಅದು ಸರಿಯಲ್ಲ. ಎಡಿಸನ್ 1878ರಲ್ಲಿಯೇ ತನ್ನ ಪತ್ರದಲ್ಲಿ ಯಂತ್ರದೋಷಕ್ಕೆ ಆ ಪದ ಬಳಸಿದ್ದನು. ನಮಗೆ ಇಲ್ಲಿ ಮುಖ್ಯವಾದದ್ದು ಪದವಲ್ಲ, ಪದ್ಧತಿ. ಯಂತ್ರ ತಪ್ಪಿದಾಗ ಅವರು ಊಹೆ ಮಾಡುತ್ತ ಕೂಡಲಿಲ್ಲ. ತೆರೆದು ನೋಡಿದರು, ಕಂಡದ್ದನ್ನು ತಾರೀಖು ಸಹಿತ ಬರೆದಿಟ್ಟರು.

ಅದಕ್ಕೆ ಸ್ವಲ್ಪ ಮೊದಲು, 1945ರಲ್ಲಿ ಪೂರ್ಣಗೊಂಡ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ವಾಲ್ವುಗಳಿದ್ದವು. ಹಳೆಯ ರೇಡಿಯೋದಲ್ಲಿ ಕೆಂಪಗೆ ಉರಿಯುತ್ತಿದ್ದವಲ್ಲ, ಅಂಥವು. ಮೊದಮೊದಲು ದಿನಕ್ಕೆ ಕೆಲವು ಸುಡುತ್ತಿದ್ದವು. ಯಂತ್ರವನ್ನು ಆರಿಸಿ ಹಚ್ಚುವಾಗಲೇ, ಅಂದರೆ ತಣ್ಣಗಾಗಿ ಮತ್ತೆ ಕಾಯುವಾಗಲೇ, ವಾಲ್ವುಗಳು ಹೆಚ್ಚು ಸಾಯುತ್ತವೆಂದು ತಿಳಿದ ಮೇಲೆ ಅದನ್ನು ಆರಿಸುವುದನ್ನೇ ಬಿಟ್ಟರು; ಅವುಗಳ ತಾಕತ್ತಿಗಿಂತ ಕಡಿಮೆ ಕೆಲಸ ಕೊಟ್ಟರು. ಆಮೇಲೆ ಸರಾಸರಿ ಎರಡು ದಿನಕ್ಕೊಂದು ವಾಲ್ವು ಕೆಡುವ ಮಟ್ಟಕ್ಕೆ ಬಂದಿತು. ನಮ್ಮ ಮುಂಬಯಿಯಲ್ಲಿಯೇ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ಸ್ವತಃ ಕಟ್ಟಿ 1960ರಲ್ಲಿ ನಡೆಸತೊಡಗಿದ, 1962ರಲ್ಲಿ ‘ಟಿಫ್ರ್ಯಾಕ್’ ಎಂದು ಹೆಸರಾದ ಗಣಕಯಂತ್ರವೂ ವಾಲ್ವಿನದೇ. ಆ ಕಾಲದಲ್ಲಿ ಯಂತ್ರದ ಬಳಿ ಸದಾ ಎಂಜಿನಿಯರುಗಳಿರುತ್ತಿದ್ದರು. ಕಂಪ್ಯೂಟರ್ ಮನೆಗೆ ಬಂದಾಗ ಎಂಜಿನಿಯರ್ ಜೊತೆಗೆ ಬರಲಿಲ್ಲ. ತೊಂದರೆ ಶುರುವಾದದ್ದು ಅಲ್ಲಿಂದ.

ಯಂತ್ರ ತನ್ನ ನಾಡಿ ತಾನೇ ನೋಡಿಕೊಂಡದ್ದು

1981ರ ಆಗಸ್ಟ್ 12ರಂದು ಐಬಿಎಂ ಕಂಪೆನಿ ತನ್ನ ‘ಪರ್ಸನಲ್ ಕಂಪ್ಯೂಟರ್’ ಹೊರತಂದಿತು. ಇದು ಸ್ವಿಚ್ಚು ಹಾಕಿದೊಡನೆ ಮೊದಲು ತನ್ನನ್ನೇ ಪರೀಕ್ಷಿಸಿಕೊಳ್ಳುತ್ತಿತ್ತು. ಎಲ್ಲ ಸರಿಯಿದ್ದರೆ ‘ಪೀಂ’ ಎಂದು ಒಂದು ಸಣ್ಣ ಸದ್ದು. ಇಲ್ಲವಾದರೆ ಪರದೆಯ ಮೇಲೊಂದು ಸಂಖ್ಯೆ: 201 ಎಂದರೆ ಸ್ಮರಣೆಯ ದೋಷ, 301 ಎಂದರೆ ಕೀಬೋರ್ಡಿನದು, 601 ಫ್ಲಾಪಿಯದು. ಪರದೆಯೇ ಕೆಟ್ಟಿದ್ದರೆ ಸಂಖ್ಯೆ ಕಾಣುವುದೆಲ್ಲಿ? ಅದಕ್ಕಾಗಿ ಒಂದು ಉದ್ದ, ಎರಡು ಗಿಡ್ಡ ಸದ್ದು. ಸದ್ದೇ ಇಲ್ಲದಿದ್ದರೆ ಮೊದಲು ವಿದ್ಯುತ್ ಸರಬರಾಜನ್ನು ನೋಡಬೇಕೆಂದು ಅರ್ಥ. ರೋಗಿಯೇ ಕೈ ಚಾಚಿ ವೈದ್ಯನಿಗೆ ನಾಡಿ ತೋರಿಸಿದಂತೆ! ಇದರ ಅನುಕರಣೆಯಲ್ಲಿ ಬಂದ ಯಂತ್ರಗಳಲ್ಲಿ ತಮಾಷೆಯೂ ಇತ್ತು. ಕೀಬೋರ್ಡು ಸಿಗುತ್ತಿಲ್ಲವೆಂದು ದೂರಿ, ಮುಂದುವರಿಯಲು ಅದೇ ಕೀಬೋರ್ಡಿನ ಎಫ್‌-1 ಕೀಲಿ ಒತ್ತಿರೆಂದು ಅವು ಆಜ್ಞೆ ಮಾಡುತ್ತಿದ್ದವು. ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಈ ಬಗೆಯ ಆಜ್ಞೆ ಹೊಸದೇನಲ್ಲ.

ಐಬಿಎಂ ಎಲ್ಲರಿಗೂ ದೊರೆಯುವ ಬಿಡಿಭಾಗಗಳನ್ನೇ ಬಳಸಿತ್ತು. ಒಳಗಿನ ವಿವರಗಳನ್ನು ಕೈಪಿಡಿಯಲ್ಲಿ ಅಚ್ಚು ಮಾಡಿತ್ತು. 1982ರ ಕೊನೆಯಲ್ಲಿ ಕಾಂಪ್ಯಾಕ್ ಕಂಪೆನಿ ಇದಕ್ಕೆ ಸರಿಸಾಟಿಯಾದ ಯಂತ್ರವನ್ನು ಪ್ರಕಟಿಸಿತು. ಬಳಿಕ ಯಾರು ಬೇಕಾದರೂ ಯಾವ ಭಾಗವನ್ನಾದರೂ ತಂದು ಜೋಡಿಸಬಹುದು ಎಂಬಂತಾಯಿತು. 1984ರ ನವೆಂಬರಿನ ಕಂಪ್ಯೂಟರ್ ನೀತಿ, 1991ರ ಆರ್ಥಿಕ ಬದಲಾವಣೆ ಇವುಗಳ ತರುವಾಯ ನಮ್ಮ ದೇಶಕ್ಕೂ ಬಿಡಿಭಾಗಗಳು ಹರಿದು ಬಂದವು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದಿಲ್ಲಿಯ ನೆಹರು ಪ್ಲೇಸ್, ಚೆನ್ನೈಯ ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರಸ್ತೆ ಇವು ನಮ್ಮಂಥ ಮಧ್ಯಮ ವರ್ಗದವರಿಗೆ ಕಂಪ್ಯೂಟರನ್ನು ಕೈಗೆಟಕುವಂತೆ ಮಾಡಿದವು. ಆದರೆ ಒಂದು ಸಂಕಟವೂ ಸೇರಿ ಬಂದಿತು. ಭಾಗ ಮಾರಿದವರು ಹಲವರು. ಕೆಟ್ಟಾಗ ಹೊಣೆ ಯಾರದೂ ಅಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಂತೆ ಪರದೆಯವನು ಕಾರ್ಡಿನ ಮೇಲೆ, ಕಾರ್ಡಿನವನು ಮದರ್‌ಬೋರ್ಡಿನ ಮೇಲೆ ಹೇಳುತ್ತಾನೆ. ದೋಷ ಎಲ್ಲಿದೆಯೆಂದು ಕಂಡುಕೊಳ್ಳುವ ಕೆಲಸ ಕೊಂಡವನ ಪಾಲಿಗೆ ಬಂದಿತು.

ಏಟು ಮತ್ತು ರಬ್ಬರು

ಇನ್ನು ಪೆಟ್ಟಿಗೆಗೆ ಕೊಡುವ ಏಟಿನ ವಿಷಯ. 1980ರಲ್ಲಿ ಆ್ಯಪಲ್ ಕಂಪೆನಿ ‘ಆ್ಯಪಲ್-3’ ಎಂಬ ಯಂತ್ರವನ್ನು ಹೊರತಂದಿತು. ಸದ್ದಾಗಬಾರದೆಂದು ಅದಕ್ಕೆ ಫ್ಯಾನನ್ನೇ ಇಟ್ಟಿರಲಿಲ್ಲ. ಒಳಹಲಗೆಯ ತಯಾರಿಕೆಯಲ್ಲೂ ದೋಷವಿತ್ತು. ಯಂತ್ರ ಕಾದು ತಣಿದು ಚಿಪ್ಪುಗಳು ತಮ್ಮ ಕುಳಿಗಳಿಂದ ಸಡಿಲವಾಗುತ್ತಿದ್ದವು. ದೂರು ಬಂದಾಗ ಕಂಪೆನಿಯವರು ಕೊಟ್ಟ ಸಲಹೆ ಏನು ಗೊತ್ತೆ? ಯಂತ್ರವನ್ನು ಮೇಜಿನಿಂದ ಎರಡು ಮೂರು ಅಂಗುಲ ಎತ್ತಿ ಕೈಬಿಡಿ ಎಂದು! ಸಡಿಲವಾದ ಚಿಪ್ಪು ಕುಳಿಯಲ್ಲಿ ಮತ್ತೆ ಕೂಡುತ್ತಿತ್ತು. ಕೊನೆಗೆ ಮೊದಲು ಮಾರಿದ ಸುಮಾರು 14,000 ಯಂತ್ರಗಳನ್ನು ಬದಲಿಸಿಕೊಡಬೇಕಾಯಿತು.

ಹೀಗಾಗಿ ಏಟಿಗೆ ಆಧಾರವಿದೆ, ಆದರೆ ಈಗ ಅದನ್ನು ಅನುಸರಿಸಬಾರದು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಓದುವ ತಲೆಯು ತಟ್ಟೆಯ ಮೇಲೆ, ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಎತ್ತರದಲ್ಲಿ ತೇಲುತ್ತಿರುತ್ತದೆ. ಒಂದೇ ಏಟಿಗೆ ತಲೆ ತಟ್ಟೆಗೆ ತಾಗಿತೆಂದರೆ ಆ ಜಾಗದಲ್ಲಿ ಬರೆದದ್ದು ಹೋಯಿತು.

ಚಿಪ್ಪಿನ ಬದಲು ಈಗ ಸಡಿಲವಾಗುವುದು ರ್‍ಯಾಮ್ ಪಟ್ಟಿ. ಮುಂಬಯಿ, ಚೆನ್ನೈಗಳಂಥ ಕಡಲ ತಡಿಯ ಊರುಗಳಲ್ಲಿ ತೇವ, ಉಪ್ಪುಗಾಳಿ, ಧೂಳು ಸೇರಿ ಅದರ ಹೊಂಬಣ್ಣದ ಹಲ್ಲುಗಳ ಮೇಲೆ ಮಬ್ಬು ಕವಿಯುತ್ತದೆ. ಫ್ಯಾನು ತಿರುಗುತ್ತದೆ, ಪರದೆ ಕಪ್ಪು, ಬಿಟ್ಟು ಬಿಟ್ಟು ಉದ್ದದ ಸದ್ದು: ಲಕ್ಷಣ ಇಷ್ಟೇ. ಪಟ್ಟಿಯನ್ನು ತೆಗೆದು, ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ಪುಡಿ ಊದಿ, ಎರಡೂ ತುದಿಯ ಕೊಕ್ಕೆ ‘ಟಕ್’ ಎನ್ನುವಂತೆ ಕೂರಿಸಿದರೆ ಎಷ್ಟೋ ಯಂತ್ರಗಳು ಎದ್ದು ಕೂಡುತ್ತವೆ. ಕೆಲಸಕ್ಕೆ ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಬೇಕು. ಮೈಯಲ್ಲಿ ಸೇರಿದ ಸ್ಥಿರವಿದ್ಯುತ್ತು ಸುಮಾರು 3,000 ವೋಲ್ಟ್ ಆದಾಗಲಷ್ಟೇ ನಮಗೆ ಚುರುಕ್ಕೆನ್ನುತ್ತದೆ. ಚಿಪ್ಪು ಸಾಯಲು ಅಷ್ಟು ಬೇಕಿಲ್ಲ.

ವಿದ್ಯುತ್ತಿನ ಮನೆವಾರ್ತೆ

ಅಮೆರಿಕದ ಮನೆಗಳಿಗೆ ಬರುವುದು ಸುಮಾರು 120 ವೋಲ್ಟ್, ನಮಗೆ 230. ಎರಡೂ ದೇಶಕ್ಕೆ ಸಲ್ಲಲೆಂದು ಹಳೆಯ ಎಸ್‌ಎಂಪಿಎಸ್ ಡಬ್ಬಿಗಳ ಹಿಂದೆ ಕೆಂಪು ಗುಂಡಿಯೊಂದು ಇರುತ್ತಿತ್ತು. ಕಸ ಗುಡಿಸುವಾಗಲೋ ಮಗುವಿನ ಕುತೂಹಲದಿಂದಲೋ ಅದು 115ಕ್ಕೆ ಸರಿದರೆ, ಸ್ವಿಚ್ಚು ಹಾಕಿದೊಡನೆ ಪಟಾಕಿಯ ಸದ್ದು, ಸುಟ್ಟ ವಾಸನೆ.

1995ರಲ್ಲಿ ಇಂಟೆಲ್ ಕಂಪೆನಿ ‘ಎಟಿಎಕ್ಸ್’ ಎಂಬ ಹೊಸ ಮಾದರಿ ತಂದಿತು. ಅದುವರೆಗೆ ಮುಂಭಾಗದ ಗುಂಡಿ ವಿದ್ಯುತ್ತನ್ನೇ ಕಡಿಯುತ್ತಿತ್ತು. ಎಟಿಎಕ್ಸ್‌ನಲ್ಲಿ ಅದು ಬರೀ ಸೂಚನೆ ಕೊಡುತ್ತದೆ. ಯಂತ್ರ ಮಲಗಿದಂತೆ ಕಂಡರೂ ಒಳಗೆ 5 ವೋಲ್ಟ್ ಎಚ್ಚರವಾಗಿರುತ್ತದೆ. ಆದ್ದರಿಂದಲೇ ಪೆಟ್ಟಿಗೆ ತೆರೆಯುವ ಮುನ್ನ ಪ್ಲಗ್ ಕಿತ್ತು, ಮುಂದಿನ ಗುಂಡಿಯನ್ನು ಒಮ್ಮೆ ಒತ್ತಿ ಹಿಡಿದು, ಉಳಿದ ವಿದ್ಯುತ್ತು ಬಸಿದುಹೋಗಲು ಬಿಡಬೇಕು. ಮಂಕಾಗಿ ನಿಂತ ಯಂತ್ರ ಎಷ್ಟೋ ಸಲ ಇಷ್ಟರಿಂದಲೇ ಸರಿಹೋಗುತ್ತದೆ. ಆರಿಸಿ ಹಚ್ಚುವ ನಮ್ಮ ಮೊದಲ ಮದ್ದಿಗೆ ಇದೇ ಆಧಾರ: ಸ್ಮರಣೆಯಲ್ಲಿ ಸಿಕ್ಕಿಕೊಂಡದ್ದೆಲ್ಲ ಅಳಿದು ಯಂತ್ರ ಹೊಸದಾಗಿ ಆರಂಭಿಸುತ್ತದೆ. ವಾಲ್ವನ್ನು ಕೊಲ್ಲುತ್ತಿದ್ದ ಕೆಲಸವೇ ಚಿಪ್ಪಿಗೆ ಔಷಧವಾಯಿತು.

ಪೆಟ್ಟಿಗೆ ಮುಟ್ಟಿದರೆ ಕೈ ಜುಮ್ಮೆನ್ನುವುದು ಬಾಡಿಗೆ ಮನೆಗಳಲ್ಲಿ ಸಾಮಾನ್ಯವಾದ ದೂರು. ಇದು ಯಂತ್ರದ ದೋಷವಲ್ಲ, ಗೋಡೆಯ ದೋಷ. ಎಸ್‌ಎಂಪಿಎಸ್‌ನ ಬಾಯಲ್ಲಿರುವ ಎರಡು ಸಣ್ಣ ಕೆಪಾಸಿಟರುಗಳು ಒಳಬರುವ ಕಸವಿದ್ಯುತ್ತನ್ನು ಭೂಸಂಪರ್ಕಕ್ಕೆ ಕಳಿಸಲೆಂದು ಪೆಟ್ಟಿಗೆಗೆ ಜೋಡಿಸಿರುತ್ತವೆ. ಮೂರನೆಯ ಪಿನ್ನಿನ ತಂತಿ ನೆಲಕ್ಕೆ ಹೋಗಿರದಿದ್ದರೆ ಅದು ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಇದಕ್ಕೆ ಕಂಪ್ಯೂಟರಿನವನನ್ನಲ್ಲ, ವೈರಿಂಗ್‌ನವನನ್ನು ಕರೆಯಬೇಕು.

2005ರ ಜುಲೈ 26ನ್ನು ಮುಂಬಯಿಯವರು ಮರೆಯುವಂತಿಲ್ಲ. ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆಯಾಯಿತು. ನಮ್ಮ ವಸತಿಯ ನೆಲಮಹಡಿಯಲ್ಲಿ ಮೇಜಿನ ಕೆಳಗಿಟ್ಟಿದ್ದ ಪೆಟ್ಟಿಗೆಗಳೆಲ್ಲ ನೀರಲ್ಲಿ ನಿಂತವು. ಕರೆಂಟು ಬಂದೊಡನೆ ಪರೀಕ್ಷಿಸಲು ಹೋದವರ ಯಂತ್ರಗಳು ಸುಟ್ಟವು. ಬಿಚ್ಚಿ, ಒಳ್ಳೆಯ ನೀರಲ್ಲಿ ಕೆಸರು ತೊಳೆದು, ಹತ್ತು ದಿನ ಫ್ಯಾನಿನ ಕೆಳಗೆ ಒಣಗಿಸಿದ ನೆರೆಯವರೊಬ್ಬರ ಯಂತ್ರ ಮತ್ತೆ ನಡೆಯಿತು. ಯಂತ್ರವನ್ನು ಕೊಲ್ಲುವುದು ನೀರೊಂದೇ ಅಲ್ಲ, ನೀರಿರುವಾಗ ಹಾಯಿಸಿದ ವಿದ್ಯುತ್ತು.

ಕೊನೆಗೆ ಸೇರಿದ್ದು ಮೊದಲ ಆರೋಪಿ

1998ರ ಏಪ್ರಿಲ್ 20ರಂದು ಶಿಕಾಗೋದ ಪ್ರದರ್ಶನವೊಂದರಲ್ಲಿ ಬಿಲ್ ಗೇಟ್ಸ್ ಅವರ ಸಮ್ಮುಖದಲ್ಲಿ ವಿಂಡೋಸ್-98ರ ಗುಣಗಾನ ನಡೆದಿತ್ತು. ಸ್ಕ್ಯಾನರಿನ ತಂತಿ ಸಿಕ್ಕಿಸಿದರೆ ಸಾಕು, ಯಂತ್ರ ತಾನೇ ಗುರುತಿಸುತ್ತದೆ ಎಂದು ತೋರಿಸಲು ಹೋದರು. ತಂತಿ ಸಿಕ್ಕಿಸಿದೊಡನೆ ಪರದೆ ನೀಲಿಯಾಗಿ ಯಂತ್ರ ನಿಂತಿತು. ಎಲ್ಲರ ಮನೆಯ ದೋಸೆಯೂ ತೂತೇ. ನಮಗೆ ಇದರ ಪಾಠವೇನೆಂದರೆ, ನಿನ್ನೆಯವರೆಗೆ ನಡೆದ ಯಂತ್ರ ಇಂದು ನಿಂತರೆ ನಡುವೆ ಏನು ಹೊಸದಾಗಿ ಸೇರಿತು ಎಂದು ಕೇಳಿಕೊಳ್ಳಬೇಕು. ಅದನ್ನು ತೆಗೆದು ನೋಡಬೇಕು. ಪ್ರಿಂಟರು, ಪೆನ್ ಡ್ರೈವ್, ಹೊಸ ರ್‍ಯಾಮ್ ಎಲ್ಲಕ್ಕೂ ಇದೇ ನಿಯಮ.

ಗಡಿಯಾರ ಪ್ರತಿದಿನ ಹಿಂದಕ್ಕೆ ಹೋಗುವುದು ಇನ್ನೊಂದು ಚಿಕ್ಕ ಕಾಯಿಲೆ. 1984ರ ಐಬಿಎಂ ಎಟಿ ಯಂತ್ರದಿಂದೀಚೆಗೆ ಮದರ್‌ಬೋರ್ಡಿನಲ್ಲಿ ಗಡಿಯಾರಕ್ಕೆಂದೇ ಬ್ಯಾಟರಿ ಇರುತ್ತದೆ. ಈಗಿನದು ನಾಣ್ಯದಾಕಾರದ, 3 ವೋಲ್ಟಿನ ಸಿಆರ್-2032 ಬಿಲ್ಲೆ. ಅದು ತೀರಿದರೆ ತಾರೀಖು ತಪ್ಪುತ್ತದೆ. ತಾರೀಖು ತಪ್ಪಿದರೆ ಬ್ಯಾಂಕಿನ ಪುಟಗಳು ತೆರೆಯುವುದಿಲ್ಲ. ಕೈಗಡಿಯಾರದ ಅಂಗಡಿಯಲ್ಲೂ ಸಿಗುವ ಬಿಲ್ಲೆಗಾಗಿ ಯಂತ್ರವನ್ನೇ ಬದಲಿಸಬೇಕಾಗಿಲ್ಲ.

ಉಬ್ಬಿದ ಡಬ್ಬಿಗಳು

ಈಗ ನಮ್ಮ ಯಂತ್ರದ ಕಥೆಗೆ ಬರೋಣ. 2006ರಲ್ಲಿ ಅದಕ್ಕೆ ಬಂದ ರೋಗ ಹೀಗೆ: ಮೊದಲು ಕಾರಣವಿಲ್ಲದೆ ನಡುವೆ ಆರಿ ಹತ್ತುತ್ತಿತ್ತು, ಬಳಿಕ ಬೆಳಿಗ್ಗೆ ಮೂರು ನಾಲ್ಕು ಸಲ ಯತ್ನಿಸಿದರೆ ಮಾತ್ರ ಏಳುತ್ತಿತ್ತು, ಕೊನೆಗೆ ಏಳಲೇ ಇಲ್ಲ. ಪೆಟ್ಟಿಗೆ ತೆರೆದು ನೋಡಿದೆವು. ಪ್ರೊಸೆಸರಿನ ಬದಿಗೆ ಸಾಲಾಗಿ ನಿಂತಿದ್ದ ಬೆರಳ ತುದಿಯಷ್ಟು ಡಬ್ಬಿಗಳಲ್ಲಿ ನಾಲ್ಕರ ತಲೆ ಉಬ್ಬಿತ್ತು, ಒಂದರ ಮೇಲೆ ಕಂದು ಬಣ್ಣದ ಕಲೆಯಿತ್ತು. ಬಿಎಸ್ಸಿಯಲ್ಲಿ ಕೆಪಾಸಿಟರಿನ ಸೂತ್ರ ಬರೆದು ಅಂಕ ಪಡೆದ ನಾವು, ಅವು ಇರುವುದೇ ಹಾಗೆಂದು ತಿಳಿದು ಮುಚ್ಚಳ ಹಾಕಿದೆವು.

ಆ ಡಬ್ಬಿಗಳು ಎಸ್‌ಎಂಪಿಎಸ್‌ನಿಂದ ಬರುವ ವಿದ್ಯುತ್ತಿನ ಏರಿಳಿತವನ್ನು ಸಮ ಮಾಡಿ ಪ್ರೊಸೆಸರಿಗೆ ಉಣಿಸುತ್ತವೆ. ಒಳಗೆ ಅಲ್ಯುಮಿನಿಯಂ ಹಾಳೆ, ಅದರ ನಡುವೆ ವಿದ್ಯುತ್ ವಾಹಕ ದ್ರಾವಣದಲ್ಲಿ ನೆನೆದ ಕಾಗದ. 1999ರ ಸುಮಾರಿಗೆ ಮಾರುಕಟ್ಟೆಗೆ ಬಂದ ಕೆಲವು ತಯಾರಿಕೆಗಳಲ್ಲಿ ಈ ದ್ರಾವಣ ಸರಿಯಿರಲಿಲ್ಲ. ಅದರ ನೀರಿನಂಶ ಅಲ್ಯುಮಿನಿಯಂನೊಂದಿಗೆ ವರ್ತಿಸಿ ಹೈಡ್ರೋಜನ್ ಅನಿಲ ಹುಟ್ಟುತ್ತಿತ್ತು. ಡಬ್ಬಿ ಉಬ್ಬಿ, ತಲೆಯ ಮೇಲಿನ ಗೀರು ಬಿರಿದು, ದ್ರಾವಣ ಸೋರುತ್ತಿತ್ತು. 2002ರ ಹೊತ್ತಿಗೆ ಈ ಪಿಡುಗು ಬಯಲಾಯಿತು. 2007ರ ಸುಮಾರಿನವರೆಗೂ ಜಗತ್ತಿನಾದ್ಯಂತ ಯಂತ್ರಗಳು ಇದರಿಂದ ನಿಲ್ಲುತ್ತಲೇ ಇದ್ದವು. ಡೆಲ್ ಕಂಪೆನಿಯೊಂದೇ ಇಂಥ ಯಂತ್ರಗಳ ದುರಸ್ತಿ ಬಾಬ್ತು 2005ರಲ್ಲಿ 30 ಕೋಟಿ ಡಾಲರುಗಳನ್ನು ಲೆಕ್ಕದಲ್ಲಿ ತೆಗೆದಿರಿಸಬೇಕಾಯಿತು. ಒಳ್ಳೆಯ ಕೆಪಾಸಿಟರಿಗೂ ಶಾಖ ಶತ್ರುವೇ. ಉಷ್ಣತೆ 10 ಡಿಗ್ರಿ ಇಳಿದರೆ ಅದರ ಆಯುಷ್ಯ ಸುಮಾರು ಎರಡರಷ್ಟಾಗುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಫ್ಯಾನಿನ ಧೂಳು ತೆಗೆಯಿರಿ, ಪೆಟ್ಟಿಗೆಯನ್ನು ಗೋಡೆಗೆ ಒತ್ತಿಡಬೇಡಿ ಎನ್ನುವುದರ ಹಿಂದೆ ಈ ಲೆಕ್ಕವಿದೆ.

ಇದೊಂದೂ ನಮಗೆ ಆಗ ತಿಳಿಯದು. ಪೆಟ್ಟಿಗೆಯನ್ನು ಒಂದು ದುರಸ್ತಿ ಅಂಗಡಿಗೆ ಒಯ್ದೆವು. ಅಲ್ಲಿದ್ದಾತ ಒಮ್ಮೆ ಸ್ವಿಚ್ಚು ಒತ್ತಿ ನೋಡಿ, “ಸಾಬ್, ಸಬ್ ಜಲ್ ಗಯಾ” ಎಂದ. ಹಳೆಯದನ್ನು ಕೊಟ್ಟರೆ ಹೊಸದರಲ್ಲಿ 800 ರೂಪಾಯಿ ಮುರಿದುಕೊಳ್ಳುವುದಾಗಿ ಹೇಳಿದ. ನಾವು ಒಪ್ಪಿ ಹಾರ್ಡ್ ಡಿಸ್ಕ್ ಸಹಿತ ಪೆಟ್ಟಿಗೆಯನ್ನು ಅಲ್ಲಿಯೇ ಬಿಟ್ಟು ಬಂದೆವು. ಡಿಸ್ಕ್ ಬೇರೆ, ಮದರ್‌ಬೋರ್ಡ್ ಬೇರೆ, ಒಂದು ಕೆಟ್ಟರೂ ಇನ್ನೊಂದರಲ್ಲಿ ಬರೆದದ್ದು ಹಾಗೆಯೇ ಇರುತ್ತದೆಂದು ಹೇಳಲು ಆತನಿಗೆ ತೋಚಲಿಲ್ಲ, ಕೇಳಲು ನಮಗೆ ತೋಚಲಿಲ್ಲ. ಎರಡು ವರ್ಷದ ಬಳಿಕ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಅಂಥವೇ ಉಬ್ಬಿದ ಡಬ್ಬಿಗಳನ್ನು ಬೆಸುಗೆ ಬಿಡಿಸಿ ಬದಲಿಸುವುದನ್ನು ಕಣ್ಣಾರೆ ಕಂಡೆವು. ತಲಾ ಕೆಲವೇ ರೂಪಾಯಿಯ ಸಾಮಾನು. ಅರ್ಧ ಗಂಟೆಯಲ್ಲಿ ಯಂತ್ರ ಎದ್ದಿತು. ನಾವು ಚಹಾದ ಲೋಟ ಹಿಡಿದು ಮಾತಿಲ್ಲದೆ ಕುಳಿತೆವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮರು ವರ್ಷ ತಂದೆಯವರು ತೀರಿಕೊಂಡರು.

ಡಿಸ್ಕಿನ ಮಾತು

ಮೊದಲ ಹಾರ್ಡ್ ಡಿಸ್ಕ್ 1956ರಲ್ಲಿ ಐಬಿಎಂನಿಂದ ಬಂದಿತು. 24 ಅಂಗುಲದ ಐವತ್ತು ತಟ್ಟೆಗಳು, ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. 1983ರ ಐಬಿಎಂ ಎಕ್ಸ್‌ಟಿ ಯಂತ್ರದಲ್ಲಿ 10 ಮೆಗಾಬೈಟಿನದು ಬಂದಿತು. ಅಂಥ ಯಂತ್ರವನ್ನು ಸಾಗಿಸುವ ಮುನ್ನ ತಲೆಯನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಲು ‘ಪಾರ್ಕ್’ ಎಂಬ ಆಜ್ಞೆ ಕೊಡಬೇಕಿತ್ತು. 1990ರ ದಶಕದ ನಡುವಿನಲ್ಲಿ ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಗಮನಿಸಿ ಮುನ್ಸೂಚನೆ ಕೊಡುವ ‘ಸ್ಮಾರ್ಟ್’ ವ್ಯವಸ್ಥೆ ಬಂದಿತು. ಅದನ್ನೂ ಪೂರ್ತಿ ನಂಬುವಂತಿಲ್ಲ. ಗೂಗಲ್ ಕಂಪೆನಿಯವರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ವರದಿಯಂತೆ, ಕೆಟ್ಟವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಡಿಸ್ಕುಗಳು ಮುಖ್ಯವಾದ ನಾಲ್ಕು ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ‘ಟಿಕ್ ಟಿಕ್’ ಸದ್ದು ಕೇಳಿದರೆ ಆ ಕ್ಷಣವೇ ನಿಲ್ಲಿಸಿ ಬಲ್ಲವರ ಬಳಿ ಒಯ್ಯಬೇಕು. ಈಗಿನ ತಿರುಗದ ಎಸ್‌ಎಸ್‌ಡಿಗಳು ಆ ಸದ್ದನ್ನೂ ಮಾಡುವುದಿಲ್ಲ. ಸಾಯುವಾಗ ಸುಮ್ಮನೆ ಸಾಯುತ್ತವೆ.

ಆದುದರಿಂದ ಪ್ರತಿಯೇ ಗತಿ. ಒಂದು ಯಂತ್ರದಲ್ಲಿ, ಒಂದು ಬೇರೆ ಡಿಸ್ಕಿನಲ್ಲಿ, ಒಂದು ಬೇರೆ ಊರಿನಲ್ಲಿ. ನಮ್ಮಂಥ ಹೊರನಾಡಿಗರಿಗೆ ಇದರಲ್ಲೊಂದು ಅನುಕೂಲವಿದೆ. ಹೆಚ್ಚಿನವರಿಗೆ ಊರಿನಲ್ಲೊಂದು ಮನೆ, ಅಲ್ಲೊಬ್ಬ ಅಣ್ಣನೋ ಅಕ್ಕನೋ ಇದ್ದೇ ಇರುತ್ತಾರೆ. ದೀಪಾವಳಿಗೆ ಊರಿಗೆ ಹೋಗುವಾಗ ಸಿಹಿತಿಂಡಿಯ ಡಬ್ಬಿಯ ಜೊತೆಗೆ ಒಂದು ಡಿಸ್ಕನ್ನೂ ಒಯ್ದು ಅವರ ಕಪಾಟಿನಲ್ಲಿಟ್ಟು ಬನ್ನಿ.

ಇಷ್ಟೆಲ್ಲ ಚರಿತ್ರೆಯ ಸಾರವನ್ನು ಕ್ರಮವಾಗಿ ಹೇಳುವುದಾದರೆ: ಯಂತ್ರ ನಿಂತಾಗ ಮೊದಲು ಗೋಡೆಯ ಸ್ವಿಚ್ಚು, ಪ್ಲಗ್, ತಂತಿ ನೋಡಿ. ಆಮೇಲೆ ಹೊಸದಾಗಿ ಸೇರಿದ್ದನ್ನು ತೆಗೆಯಿರಿ. ದೀಪ, ಫ್ಯಾನು, ಸದ್ದು ಏನು ಹೇಳುತ್ತವೆಂದು ಗಮನಿಸಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಪ್ಲಗ್ ಕಿತ್ತು ಪೆಟ್ಟಿಗೆ ತೆರೆದು ರ್‍ಯಾಮ್ ಒರೆಸಿ ಕೂರಿಸಿ. ಡಬ್ಬಿಗಳ ತಲೆ ನೋಡಿ. ಎಸ್‌ಎಂಪಿಎಸ್ ಡಬ್ಬಿಯನ್ನೂ ಹಳೆಯ ಗಾಜಿನ ಮಾನಿಟರನ್ನೂ ಮಾತ್ರ ತೆರೆಯಬೇಡಿ. ಆರಿಸಿದ ಮೇಲೂ ಅವುಗಳಲ್ಲಿ ಪ್ರಾಣಕ್ಕೆ ಎರವಾಗುವಷ್ಟು ವಿದ್ಯುತ್ತು ಉಳಿದಿರುತ್ತದೆ. ಇಷ್ಟಕ್ಕೂ ಬಗ್ಗದಿದ್ದರೆ ಅಂಗಡಿಗೆ ಒಯ್ಯಿರಿ. ಯಂತ್ರವನ್ನು ಮಾರುವುದಾದರೆ ಹಾರ್ಡ್ ಡಿಸ್ಕ್ ಬಿಚ್ಚಿ ಮನೆಯಲ್ಲಿಟ್ಟುಕೊಳ್ಳಿ. ನಾಲ್ಕು ತಿರುಪು, ಎರಡು ತಂತಿ, ಅಷ್ಟೇ. ಬೇರೆ ಯಂತ್ರಕ್ಕೆ ಸಿಕ್ಕಿಸಿ ಅದನ್ನು ಓದಬಹುದು.

ತಂದೆಯವರು ಬರೆದ ನಲವತ್ತು ಪುಟಗಳಲ್ಲಿ ಮೂರನ್ನು ಅವರು ಆಗಲೇ ಮುದ್ರಿಸಿ ನಮ್ಮ ಅತ್ತೆಗೆ ಅಂಚೆಯಲ್ಲಿ ಕಳಿಸಿದ್ದರು. ಅವಷ್ಟೇ ಉಳಿದಿವೆ. ಮೂರನೆಯ ಪುಟದ ಕೊನೆಗೆ ನಮ್ಮ ಮುತ್ತಜ್ಜ ಹತ್ತಿಯ ಗಾಡಿ ಹೂಡಿಕೊಂಡು ಗದಗಿನ ಪೇಟೆಗೆ ಹೊರಟಿದ್ದಾರೆ. ಮುಂದಿನದನ್ನು ಹೇಳಬಲ್ಲವರು ಈಗ ಮನೆಯಲ್ಲಿ ಯಾರೂ ಇಲ್ಲ. ವಾಚಕ ಬಂಧುಗಳು ಬರುವ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು ತಮ್ಮ ಮನೆಯ ಯಂತ್ರದಲ್ಲಿ ಏನೇನಿದೆಯೆಂದು ನೋಡಿ, ಬೇಕಾದದ್ದಕ್ಕೆ ಇನ್ನೊಂದು ಪ್ರತಿ ತೆಗೆದಿಟ್ಟರೆ ನಮ್ಮ ಈ ಬರಹ ಸಾರ್ಥಕವೆಂದು ತಿಳಿಯುತ್ತೇವೆ.